ಜೀಪಿಗೆ ಏಳು ಪಿನ್ನಿನ ಸಾಕೆಟ್ ಕೂರಿಸಿದ್ದು

ಸೊಪ್ಪಿನಬೆಟ್ಟದಿಂದ ದರಕು (ಒಣ ಎಲೆ) ತರಲು, ಕೊನೆಕೊಯ್ಲಿನ ದಿನಗಳಲ್ಲಿ ಅಡಕೆ ಸಾಗಿಸಲು ನಮ್ಮಲ್ಲಿ ಒಂದು ಹಳೆಯ ಮಹೀಂದ್ರ ಜೀಪು, ಅದರ ಹಿಂದೆ ಎರಡು ಚಕ್ರದ ಪುಟ್ಟ ಟ್ರೇಲರ್ ಇದೆ. ಬಹಳ ವರ್ಷ ಟ್ರೇಲರ್ ದೀಪದ ವೈರುಗಳನ್ನು ಜೀಪಿನ ವೈರುಗಳಿಗೆ ತಿರುಚಿ, ಟೇಪು ಸುತ್ತಿ ಓಡಿಸುತ್ತಿದ್ದೆವು. ಒಂದು ಸಂಜೆ ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಮಂಜು ಕವಿದಿತ್ತು. ಹಿಂದೆ ಬರುತ್ತಿದ್ದ ಲಾರಿ ಟ್ರೇಲರಿಗೆ ಒಂದು ಮಾರು ದೂರದಲ್ಲಿ ಕಿರುಗುಟ್ಟಿ ನಿಂತಿತು. ಇಳಿದು ನೋಡಿದರೆ ಮಳೆಗೆ ಟೇಪು ಬಿಚ್ಚಿಕೊಂಡು ಹಿಂದಿನ ಒಂದು ದೀಪವೂ ಉರಿಯುತ್ತಿರಲಿಲ್ಲ. ಚಾಲಕ ಬೈಯಲಿಲ್ಲ. ‘ನಿಮ್ಮ ಗಾಡಿ ಕಾಣಲೇ ಇಲ್ಲ ಮಾರಾಯರೇ’ ಎಂದಷ್ಟೇ ಹೇಳಿದ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಾರನೆಯ ವಾರ, ಜೀಪಿನ ವಿದ್ಯುತ್ತನ್ನು ಟ್ರೇಲರ್ ದೀಪಗಳಿಗೆ ದಾಟಿಸುವ ಏಳು ಪಿನ್ನಿನ ಸಾಕೆಟ್ (ಜೀಪಿಗೆ) ಮತ್ತು ಪ್ಲಗ್ (ಟ್ರೇಲರಿಗೆ) ತಂದೆ. ಅಂಗಡಿಯಲ್ಲಿ ಅಲ್ಯೂಮಿನಿಯಂ ಕವಚದ್ದೂ ಇತ್ತು, ಪ್ಲಾಸ್ಟಿಕ್ ಕವಚದ್ದೂ ಇತ್ತು. ಕಾರವಾರದ ನಮ್ಮ ಭಾವ ದೋಣಿ ಎಳೆಯುವ ಟ್ರೇಲರ್ ಇಟ್ಟುಕೊಂಡವರು. ಉಪ್ಪುಗಾಳಿಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುವುದನ್ನು ಅವರು ಕಂಡಿದ್ದರು. ಅವರ ಮಾತು ಕೇಳಿ ಪ್ಲಾಸ್ಟಿಕ್ಕಿನದನ್ನೇ ಆರಿಸಿದೆ.

ಜಾಗ ಆರಿಸುವುದರಲ್ಲಿ ಮೊದಲ ಸಲ ಎಡವಿದೆ. ಕೈಗೆ ಸುಲಭವೆಂದು ಬಂಪರಿನ ಕೆಳಗೆ ತೂಗುಬಿಟ್ಟಿದ್ದೆ. ಬೆಟ್ಟದ ದಾರಿಯಲ್ಲಿ ಹಳ್ಳ ದಾಟಿ ಏರು ಹತ್ತುವಾಗ ಜೀಪಿನ ಹಿಂಭಾಗ ನೆಲಕ್ಕೆ ಬಾಗುತ್ತದೆ. ಎರಡನೆಯ ದಿನವೇ ಜಂಬಿಟ್ಟಿಗೆ ಕಲ್ಲಿಗೆ ತಾಗಿ ಸಾಕೆಟ್ ಒಡೆಯಿತು. ರಸ್ತೆಯಲ್ಲಷ್ಟೇ ಓಡುವ ಕಾರಿಗೆ ಆ ಜಾಗ ನಡೆದೀತು, ಕಾಡುದಾರಿಯ ಗಾಡಿಗೆ ಖಂಡಿತ ಬೇಡ. ಹೊಸದನ್ನು ಟ್ರೇಲರ್ ಎಳೆಯುವ ಕೊಕ್ಕೆಯ ಬಲಕ್ಕೆ, ಬಂಪರಿನ ಕೆಳ ಅಂಚಿಗಿಂತ ನಾಲ್ಕು ಬೆರಳು ಮೇಲೆ, ಚಾಸಿಯ ಅಡ್ಡಪಟ್ಟಿಗೆ 3 ಮಿಲಿಮೀಟರ್ ದಪ್ಪದ ತಗಡು ಬಗ್ಗಿಸಿ ಬೋಲ್ಟ್ ಹಾಕಿ ಕೂರಿಸಿದೆ. ಮುಚ್ಚಳದ ತಿರುಗಣೆ ಮೇಲ್ಬದಿಗೆ ಇರಬೇಕು, ಆಗ ಮಳೆನೀರು ಮುಚ್ಚಳದ ಮೇಲೆ ಜಾರಿಹೋಗುತ್ತದೆ. ಸಾಕೆಟ್ಟಿನ ಹಿಂದೆ ವೈರನ್ನು ಒಮ್ಮೆ ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ಒಯ್ದೆ. ವೈರಿನ ಮೇಲೆ ಹರಿದು ಬರುವ ನೀರು ಆ ತಗ್ಗಿನಲ್ಲಿಯೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿನ ಒಳಗೆ ಹೋಗುವುದಿಲ್ಲ.

ಪಿನ್ನುಗಳ ಲೆಕ್ಕ ಸರಳ. 1 ಎಡ ಇಂಡಿಕೇಟರ್, 2 ಮಂಜಿನ ದೀಪ, 3 ಅರ್ತಿಂಗ್ (ದೀಪಗಳಿಂದ ವಿದ್ಯುತ್ ಜೀಪಿಗೆ ಮರಳುವ ವೈರು), 4 ಬಲ ಇಂಡಿಕೇಟರ್, 5 ಬಲಗಡೆಯ ಹಿಂದೀಪ, 6 ಬ್ರೇಕ್ ದೀಪ, 7 ಎಡಗಡೆಯ ಹಿಂದೀಪ. ಕ್ರಮವಾಗಿ ಹಳದಿ, ನೀಲಿ, ಬಿಳಿ, ಹಸಿರು, ಕಂದು, ಕೆಂಪು, ಕಪ್ಪು ವೈರುಗಳು. ಆದರೆ ಮುಂದಿನಿಂದ ಬರೆದ ಚಿತ್ರವನ್ನು ನೋಡಿಕೊಂಡು ಹಿಂದಿನಿಂದ ವೈರು ಕೂರಿಸಿದರೆ ಎಡ ಬಲ ಅದಲುಬದಲಾಗುತ್ತದೆ. ಚಿತ್ರವನ್ನು ಬದಿಗಿಟ್ಟು, ಪ್ರತಿ ಪಿನ್ನಿನ ಪಕ್ಕದಲ್ಲಿ ಅಚ್ಚೊತ್ತಿರುವ ಅಂಕಿಯನ್ನೇ ಟಾರ್ಚ್ ಹಿಡಿದು ಓದಿ. ಜೀಪಿನ ಹಳೆಯ ವೈರುಗಳ ಬಣ್ಣವನ್ನೂ ನಾನು ನಂಬಲಿಲ್ಲ, ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದನ್ನೂ ಗುರುತಿಸಿದೆ.

ಬ್ರೇಕ್ ದೀಪ ಜೀಪಿನಲ್ಲಿ ಎರಡು, ಟ್ರೇಲರಿನಲ್ಲಿ ಎರಡು. ತಲಾ 21 ವ್ಯಾಟಿನಂತೆ 84 ವ್ಯಾಟ್, ಎಂದರೆ 12 ವೋಲ್ಟಿನಲ್ಲಿ 7 ಆಂಪಿಯರ್. ಅಷ್ಟನ್ನು ಹಳೆಯ ಬ್ರೇಕ್ ಸ್ವಿಚ್ಚಿನ ಮೇಲೆ ಹೇರಲು ಮನಸ್ಸು ಬರಲಿಲ್ಲ. ಬ್ಯಾಟರಿಯಿಂದಲೇ 15 ಆಂಪಿಯರ್ ಫ್ಯೂಸ್ ಹಾಕಿ ಒಂದು ದಪ್ಪ ವೈರು ತಂದು, ಟ್ರೇಲರಿನ ಬ್ರೇಕ್ ದೀಪಗಳನ್ನು ರಿಲೇ (ಪುಟ್ಟ ವಿದ್ಯುತ್ತಿನಿಂದ ದೊಡ್ಡದನ್ನು ಹರಿಸುವ ಸ್ವಿಚ್ಚು) ಮೂಲಕ ಉರಿಸಿದೆ.

ಎಲ್ಲ ಮುಗಿಸಿ ಪರೀಕ್ಷಿಸಿದಾಗ ವಿಚಿತ್ರ ಕಂಡಿತು. ಬಲ ಇಂಡಿಕೇಟರ್ ಹಾಕಿದರೆ ಟ್ರೇಲರಿನ ಹಿಂದೀಪಗಳೂ ಅದರ ಜೊತೆ ಮಂಕಾಗಿ ಮಿಣುಕುತ್ತಿದ್ದವು. ಟ್ರೇಲರನ್ನು ಅಲುಗಿಸಿದರೆ ಒಮ್ಮೊಮ್ಮೆ ಸರಿಹೋಗುತ್ತಿತ್ತು. ವೈರು ತಪ್ಪಾಗಿದೆಯೆಂದು ಇಡೀ ಮಧ್ಯಾಹ್ನ ಏಳು ಪಿನ್ನುಗಳನ್ನೂ ಬಿಚ್ಚಿ ಕಟ್ಟಿದೆ. ಕೊನೆಗೆ ಕಾರವಾರದ ಭಾವನಿಗೆ ಫೋನ್ ಮಾಡಿದೆ.

‘ಭಾವ, ಅರ್ತಿಂಗ್ ನೋಡಿದಿರಾ?’ ಎಂದರು ಅವರು.

ಬಿಳಿ ವೈರನ್ನು ಟ್ರೇಲರಿನ ಬಣ್ಣ ಬಳಿದ ತಗಡಿನ ಮೇಲೆಯೇ ಬಿಗಿದಿದ್ದೆ. ಬಣ್ಣ, ಅದರಡಿಯಲ್ಲಿ ತುಕ್ಕು, ವಿದ್ಯುತ್ತಿಗೆ ಅಲ್ಲಿ ದಾರಿಯೇ ಇರಲಿಲ್ಲ. ಬೇರೆ ದಾರಿ ಹುಡುಕುತ್ತ ಅದು ಹಿಂದೀಪದ ತಂತಿಯೊಳಗಿಂದ ಜೀಪಿಗೆ ಮರಳುತ್ತಿತ್ತು, ಅಲುಗಿಸಿದಾಗ ಕೊಕ್ಕೆಯ ಕಬ್ಬಿಣ ತಾಗಿ ತುಸು ಹೊತ್ತು ಸರಿಯಾಗುತ್ತಿತ್ತು. ಕೊಕ್ಕೆಯೇ ಅರ್ತಿಂಗ್ ಆಗುತ್ತದೆ ಎಂದು ಹೇಳುವವರು ನಮ್ಮ ಕಡೆ ಬಹಳ ಮಂದಿ. ಗ್ರೀಸ್ ಮೆತ್ತಿದ, ಕೆಸರು ತುಂಬಿದ ಕೊಕ್ಕೆಯನ್ನು ದಯವಿಟ್ಟು ನಂಬಬೇಡಿ. ದೀಪಗಳೆಲ್ಲ ಒಟ್ಟಿಗೆ ಉರಿದಾಗ ಅಷ್ಟೂ ವಿದ್ಯುತ್ ಮರಳುವುದು ಆ ಒಂದೇ ವೈರಿನಲ್ಲಿ. ಹಾಗಾಗಿ ಉಳಿದವು 1.5 ಚದರ ಮಿಲಿಮೀಟರಿನವಾದರೆ ಇದಕ್ಕೆ 2.5ರ ವೈರು ಹಾಕಿದೆ. ಜೀಪಿನಲ್ಲಿಯೂ ಟ್ರೇಲರಿನಲ್ಲಿಯೂ ಲೋಹ ಬೆಳ್ಳಗೆ ಹೊಳೆಯುವವರೆಗೆ ಮರಳು ಕಾಗದದಿಂದ ಉಜ್ಜಿ, ಹಲ್ಲಿನ ವಾಷರ್ ಇಟ್ಟು ಬೋಲ್ಟ್ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಮಿಣುಕಾಟ ಅಲ್ಲಿಗೇ ನಿಂತಿತು.

ಈಗ ಎರಡು ಮಳೆಗಾಲ ಕಳೆದಿವೆ. ಮಳೆ ಹಿಡಿಯುವ ಮೊದಲು ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ಪಿನ್ನುಗಳ ಮೇಲಿನ ಹಸಿರು ಕಿಲುಬನ್ನು ಉಜ್ಜಿ ತೆಗೆಯುತ್ತೇನೆ. ಟ್ರೇಲರ್ ಬಿಚ್ಚಿಟ್ಟಾಗ ಅದರ ಪ್ಲಗ್ಗನ್ನು ಡಬ್ಬಿಯಲ್ಲಿ ಮುಚ್ಚಿಡುತ್ತೇನೆ, ಇಲ್ಲವಾದರೆ ಕೊಟ್ಟಿಗೆಯ ಇಲಿಗಳು ವೈರು ಬಿಡುವುದಿಲ್ಲ. ಹೊರಡುವ ಮೊದಲು ಬ್ರೇಕ್ ದೀಪ ನೋಡಲು ಯಾರನ್ನೂ ಕರೆಯಬೇಕಾಗಿಲ್ಲ. ಸೀಟಿಗೂ ಬ್ರೇಕ್ ಪೆಡಲಿಗೂ ನಡುವೆ ಸರಿಯಾಗಿ ಕೂರುವಂತೆ ಅಡಕೆ ದಬ್ಬೆಯೊಂದನ್ನು ಕತ್ತರಿಸಿ ಜೀಪಿನಲ್ಲಿಯೇ ಇಟ್ಟಿದ್ದೇನೆ. ಅದನ್ನು ಒತ್ತಿ ನಿಲ್ಲಿಸಿ ಹಿಂದೆ ಹೋಗಿ, ಎರಡೂ ಕೆಂಪು ದೀಪ ಉರಿಯುತ್ತಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಘಟ್ಟ ಇಳಿಯುತ್ತೇನೆ.