ಪಾರ್ಶ್ವವಾಯುವಿನ ನಂತರ ಕೈಕಾಲಿನ ಚಲನೆಗೆ ಔಷಧ: ಏನನ್ನು ಕೇಳಬೇಕು, ಏನನ್ನು ನಿರೀಕ್ಷಿಸಬಾರದು

ಪಾರ್ಶ್ವವಾಯುವಿನಿಂದ ಸೋತ ಕೈಕಾಲಿಗೆ ಚಲನೆಯನ್ನು ಮರಳಿಸಿಕೊಡುವ ಮಾತ್ರೆ ಇದುವರೆಗೆ ಸಿಕ್ಕಿಲ್ಲ. ಚಲನೆ ಮರಳುವುದು ಮುಖ್ಯವಾಗಿ ಮತ್ತೆ ಮತ್ತೆ ಮಾಡುವ ವ್ಯಾಯಾಮದಿಂದ, ಮತ್ತು ಔಷಧಗಳ ಪಾತ್ರ ಆ ವ್ಯಾಯಾಮಕ್ಕಿರುವ ಅಡ್ಡಿಗಳನ್ನು ತೆಗೆಯುವುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಚೀಟಿಯಲ್ಲಿರುವ ಪ್ರತಿಯೊಂದು ಔಷಧ ಯಾವುದಕ್ಕಾಗಿ ಎಂದು ವೈದ್ಯರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ.

ರಕ್ತದೊತ್ತಡದ ಮಾತ್ರೆ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿನಲ್ಲಿ ಕೊಡುವ ಆಸ್ಪಿರಿನ್ ಇವೆಲ್ಲ ಮತ್ತೊಂದು ಆಘಾತವನ್ನು ತಡೆಯಲು ಇರುವಂಥವು. ಕೈ ಮೇಲೇಳಲಿಲ್ಲವೆಂಬ ಕಾರಣಕ್ಕೆ ಇವನ್ನು ನಿಲ್ಲಿಸಬಾರದು.

ಮಿದುಳಿಗೆ ಬಲ ಕೊಡುತ್ತವೆ ಎನ್ನುವ ಔಷಧಗಳ ವಿಷಯದಲ್ಲಿ ಹಣ ಖರ್ಚು ಮಾಡುವ ಮುನ್ನ ವಿಚಾರಿಸಿ. ನಮ್ಮಲ್ಲಿ ಧಾರಾಳವಾಗಿ ಬರೆಯುವ ಸಿಟಿಕೋಲಿನ್ 2012ರಲ್ಲಿ ಪ್ರಕಟವಾದ, 2,298 ರೋಗಿಗಳ ಯುರೋಪಿನ ಪರೀಕ್ಷೆಯಲ್ಲಿ ಲಾಭ ತೋರಲಿಲ್ಲ. ಖಿನ್ನತೆಗೆ ಕೊಡುವ ಫ್ಲುಯಾಕ್ಸೆಟಿನ್‌ನ ಕಥೆ ಇನ್ನೂ ಪಾಠ ಹೇಳುವಂಥದ್ದು: 2011ರಲ್ಲಿ ಫ್ರಾನ್ಸಿನಲ್ಲಿ 118 ರೋಗಿಗಳ ಮೇಲೆ ನಡೆದ ಪರೀಕ್ಷೆ ಚಲನೆ ಸುಧಾರಿಸಿತೆಂದು ಹೇಳಿತು, ಆದರೆ ಆಮೇಲೆ ಬ್ರಿಟನ್, ಸ್ವೀಡನ್ ಹಾಗೂ ಆಸ್ಟ್ರೇಲಿಯಾ-ನ್ಯೂಜಿಲೆಂಡ್-ವಿಯೆಟ್ನಾಂಗಳಲ್ಲಿ ಸುಮಾರು 5,900 ಜನರ ಮೇಲೆ ನಡೆದ ಮೂರು ಪರೀಕ್ಷೆಗಳಲ್ಲಿ ದೈನಂದಿನ ಸಾಮರ್ಥ್ಯ ಹೆಚ್ಚಲಿಲ್ಲ, ಮೂಳೆ ಮುರಿತ ಹೆಚ್ಚಾಯಿತು. ಖಿನ್ನತೆಗೆ ಅದನ್ನು ಕೊಟ್ಟಿದ್ದರೆ ಮಾತು ಬೇರೆ. ಮಂಕಾಗಿ ಕುಳಿತ ರೋಗಿ ವ್ಯಾಯಾಮಕ್ಕೆ ಏಳುವುದಿಲ್ಲ. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಲೆವೊಡೋಪಾ ಕೂಡ ಬ್ರಿಟನ್ನಿನ 593 ಜನರ ಪರೀಕ್ಷೆಯಲ್ಲಿ ನಡಿಗೆಯನ್ನು ಸುಧಾರಿಸಲಿಲ್ಲ.

ಔಷಧ ನಿಜವಾಗಿ ಉಪಯೋಗಕ್ಕೆ ಬರುವುದು ಸ್ನಾಯುಬಿಗಿತಕ್ಕೆ. ವಾರಗಳು ಕಳೆದಂತೆ ಮುಷ್ಟಿ ಬಿಗಿದು ಅಂಗೈ ತೊಳೆಯಲೂ ಆಗದಿದ್ದರೆ, ಮೊಣಕೈ ಮಡಿಚಿಕೊಂಡು ಅಂಗಿ ತೊಡಿಸುವುದು ಕಷ್ಟವಾದರೆ, ಪಾದ ಒಳತಿರುಗಿ ಹೆಜ್ಜೆ ತಪ್ಪುತ್ತಿದ್ದರೆ ಪುನಶ್ಚೇತನ ವೈದ್ಯರಿಗೆ ಅಥವಾ ನರರೋಗ ತಜ್ಞರಿಗೆ ತೋರಿಸಿ. ಕೆಲವೇ ಸ್ನಾಯುಗಳು ಬಿಗಿದಿದ್ದರೆ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದನ್ನು ಅವಕ್ಕೇ ಕೊಡುತ್ತಾರೆ. ಅದರ ಪರಿಣಾಮ ಕೆಲವು ದಿನಗಳಲ್ಲಿ ಆರಂಭವಾಗಿ ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನಲ್ಲಿ ಇಳಿಯುತ್ತದೆ. ಬಿಗಿತ ಸಡಿಲವಾದ ಆ ಅವಧಿಯಲ್ಲೇ ಫಿಸಿಯೋಥೆರಪಿಯನ್ನು ಹೆಚ್ಚಿಸಬೇಕು; ಇಲ್ಲದಿದ್ದರೆ ದುಬಾರಿ ಚುಚ್ಚುಮದ್ದು ಬಹುಮಟ್ಟಿಗೆ ವ್ಯರ್ಥ. ಯಾವ ಕೆಲಸ ಸುಲಭವಾಗಬೇಕೆಂದು ಮೊದಲೇ ವೈದ್ಯರೊಡನೆ ನಿರ್ಧರಿಸಿಕೊಂಡರೆ ಮುಂದಿನ ಡೋಸ್ ಬೇಕೇ ಎಂದು ಹೇಳುವುದು ಸುಲಭ.

ಬಿಗಿತ ದೇಹದ ಹಲವೆಡೆ ಹರಡಿದ್ದರೆ ಬ್ಯಾಕ್ಲೋಫೆನ್ ಅಥವಾ ಟಿಜಾನಿಡಿನ್ ಮಾತ್ರೆ ಬರೆಯಬಹುದು. ಎರಡೂ ಮಂಪರು ತರುತ್ತವೆ, ಬಿಗಿತದ ಆಸರೆಯಲ್ಲೇ ನಿಲ್ಲುತ್ತಿದ್ದ ಕಾಲನ್ನು ಸೋಲಿಸಲೂಬಹುದು. ಆದ್ದರಿಂದ ಕಡಿಮೆ ಡೋಸಿನಿಂದ ಮೆಲ್ಲಗೆ ಏರಿಸುತ್ತಾರೆ. ಬ್ಯಾಕ್ಲೋಫೆನ್ ಅನ್ನು ಥಟ್ಟನೆ ನಿಲ್ಲಿಸಿದರೆ ಅಪಸ್ಮಾರದ ಸೆಳೆತ, ಭ್ರಮೆ ಕಾಣಿಸಿಕೊಳ್ಳಬಹುದಾದ್ದರಿಂದ ಊರಿಗೆ ಹೊರಡುವಾಗ ಮಾತ್ರೆ ಮುಗಿಯದಂತೆ ನೋಡಿಕೊಳ್ಳಿ. ಟಿಜಾನಿಡಿನ್ ತೆಗೆದುಕೊಳ್ಳುವವರು ಸಿಪ್ರೋಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಸೇವಿಸಬಾರದು, ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ. ಮೂತ್ರದ ಸೋಂಕಿಗೆ ಬೇರೆ ವೈದ್ಯರ ಬಳಿ ಹೋದಾಗ ಇದನ್ನು ತಪ್ಪದೆ ತಿಳಿಸಿ.

ಕೊನೆಯದಾಗಿ, ರೋಗಿ ಹಗಲಿನಲ್ಲೇ ತೂಕಡಿಸುತ್ತಿದ್ದರೆ ನಿದ್ರೆಮಾತ್ರೆಗಳನ್ನು ಅನುಮಾನಿಸಿ. ಡಯಾಜೆಪಾಮ್‌ನಂಥ ಔಷಧಗಳು ಚೇತರಿಕೆಗೇ ತೊಡಕಾಗಬಹುದು. ತಾವಾಗಿ ನಿಲ್ಲಿಸದೆ, ಕಡಿಮೆ ಮಾಡಬಹುದೇ ಎಂದು ವೈದ್ಯರನ್ನು ಕೇಳಿ.