ಸೇಂಟ್ ಪೀಟರ್ಸ್‌ಬರ್ಗ್ ಸುತ್ತುವುದು ಹೇಗೆ: ಗೈಡ್ ಎಲ್ಲಿ ಬೇಕು, ರೈಲು ಎಲ್ಲಿ ಸಾಕು

ಸಂಜೆ ಆರಕ್ಕೆ ಸರಿಯಾಗಿ ಊರ ಹೊರಗಿನ ಪೀಟರ್‌ಹಾಫ್ ಅರಮನೆಯ ಸ್ಯಾಮ್ಸನ್ ಕಾರಂಜಿ ನಿಂತಿತು. ಇಪ್ಪತ್ತು ಮೀಟರ್ ಎತ್ತರಕ್ಕೆ ಚಿಮ್ಮುತ್ತಿದ್ದ ನೀರು ಆಳೆತ್ತರಕ್ಕಿಳಿಯಿತು, ಮೊಳದಷ್ಟಾಯಿತು, ಕೊನೆಗೆ ಚಿನ್ನದ ಸಿಂಹದ ಬಾಯಲ್ಲಿ ಒಂದೆರಡು ಹನಿ ಜಿನುಗಿ ಸುಮ್ಮನಾಯಿತು. ನಾವು ಬಸ್ಸಿನಿಂದ ಇಳಿದು ಓಡೋಡಿ ಬಂದು ಐದು ನಿಮಿಷವೂ ಆಗಿರಲಿಲ್ಲ. 'ಇಷ್ಟೇನಾ?' ಅಂದಳು ಅಕ್ಕ.

ನಾವು ತೆಗೆದುಕೊಂಡಿದ್ದು 'ಒಂದೇ ದಿನದಲ್ಲಿ ಎರಡು ಅರಮನೆ' ಎಂಬ ಪ್ಯಾಕೇಜು. ಬೆಳಗ್ಗೆ ಹೋಟೆಲ್ ಹೋಟೆಲಿಗೂ ಹೋಗಿ ಜನರನ್ನು ಹತ್ತಿಸಿಕೊಂಡಿದ್ದಕ್ಕೆ ಒಂದೂವರೆ ಗಂಟೆ. ಮೊದಲ ಅರಮನೆಯ ಸರದಿಗೆ ಒಂದು ಗಂಟೆ. ಊಟ. ಆಮೇಲೆ ಯಾರೂ ಕೇಳದಿದ್ದ ಒಡವೆ ಅಂಗಡಿಯಲ್ಲಿ ಮುಕ್ಕಾಲು ಗಂಟೆ. ಉಳಿದದ್ದು ಟ್ರಾಫಿಕ್ಕು. ಎರಡನೇ ಸಲ ಹೋದಾಗ ಬೇರೆ ದಾರಿ ಹಿಡಿದೆವು. ಗೋಡೆಯೊಳಗಿನದಕ್ಕೆ ಗೈಡ್, ಗೋಡೆಯ ಹೊರಗಿನದಕ್ಕೆ ನಮ್ಮ ಕಾಲು. ಈ ಲೇಖನ ಆ ಲೆಕ್ಕದ್ದು.

ವೀಸಾ, ದುಡ್ಡು

ಭಾರತೀಯರಿಗೆ 2023ರ ಆಗಸ್ಟ್‌ನಿಂದ ರಷ್ಯಾದ ಇ-ವೀಸಾ ಸಿಗುತ್ತಿದೆ. ಎಷ್ಟು ದಿನ ಇರಬಹುದು ಎಂಬ ನಿಯಮ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವಾಗ ನೋಡಿಕೊಳ್ಳಿ. ಯುದ್ಧದ ಕಾರಣ ಅಲ್ಲಿನ ವಿಮಾನ ನಿಲ್ದಾಣಗಳು ಆಗಾಗ ಕೆಲವು ಗಂಟೆ ಮುಚ್ಚುವುದುಂಟು. ಹೊರಡುವ ಮೊದಲು ನಮ್ಮ ವಿದೇಶಾಂಗ ಇಲಾಖೆಯ ಸೂಚನೆ ಓದಿ. ವಾಪಸಾಗುವಾಗ ಮುಂದಿನ ವಿಮಾನಕ್ಕೆ ಸಾಕಷ್ಟು ಬಿಡುವು ಇಟ್ಟುಕೊಳ್ಳಿ. ಮಾಸ್ಕೊಗೆ ಇಳಿದವರಿಗೆ 'ಸಪ್ಸಾನ್' ರೈಲು ಇದೆ. ಸುಮಾರು 650 ಕಿಲೋಮೀಟರನ್ನು ನಾಲ್ಕು ಗಂಟೆಯಲ್ಲಿ ಮುಗಿಸುತ್ತದೆ.

ದುಡ್ಡಿನ ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ. ನಮ್ಮಲ್ಲಿ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಬ್ಯಾಂಕ್ ಕಾರ್ಡುಗಳು 2022ರ ಮಾರ್ಚ್‌ನಿಂದ ಅಲ್ಲಿ ಕೆಲಸ ಮಾಡುವುದಿಲ್ಲ. ಎಟಿಎಂನಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ. ಮಡಿಕೆ, ಗೀಚು ಇಲ್ಲದ ಡಾಲರ್ ಅಥವಾ ಯೂರೊ ನೋಟು ಒಯ್ದು ಬ್ಯಾಂಕಿನಲ್ಲಿ ರೂಬಲ್ ಮಾಡಿಸಿಕೊಳ್ಳಬೇಕು. ಇದರಿಂದ ಇನ್ನೊಂದು ತೊಡಕು: ಅರಮನೆಗಳ ಟಿಕೆಟ್ಟನ್ನು ಬೆಂಗಳೂರಿನಲ್ಲಿ ಕೂತು ಆನ್‌ಲೈನಲ್ಲಿ ಕೊಳ್ಳಲು ಹೋದರೆ ಹಣ ಕಟ್ಟುವ ಹಂತದಲ್ಲಿ ನಿಂತುಬಿಡುತ್ತದೆ. ಬೇಸಿಗೆಯಲ್ಲಿ ಟಿಕೆಟ್ ಬೇಗ ಖಾಲಿಯಾಗುತ್ತದೆ ಬೇರೆ. ಅಲ್ಲಿನ ಗೈಡ್ ನಮ್ಮ ಪರವಾಗಿ ಟಿಕೆಟ್ ತೆಗೆದಿಟ್ಟು, ಹೋದ ಮೇಲೆ ನಗದು ಪಡೆಯುತ್ತಾರೆ. ಗೈಡ್ ಬೇಕು ಅನ್ನುವುದಕ್ಕೆ ಕತೆ ಹೇಳುವುದಕ್ಕಿಂತ ಇದೇ ದೊಡ್ಡ ಕಾರಣ.

ಮೊದಲು ರಜೆ ದಿನ ನೋಡಿ

ಹರ್ಮಿಟೇಜ್ ಮ್ಯೂಸಿಯಂಗೆ ಸೋಮವಾರ ರಜೆ. ಪೀಟರ್‌ಹಾಫ್‌ನ ದೊಡ್ಡ ಅರಮನೆಗೂ ಸೋಮವಾರವೇ, ಆದರೆ ಕಾರಂಜಿಗಳಿರುವ ಕೆಳಗಿನ ಉದ್ಯಾನ ದಿನವೂ ತೆರೆದಿರುತ್ತದೆ. ಕ್ಯಾಥರೀನ್ ಅರಮನೆಗೆ ಮಂಗಳವಾರ ರಜೆ, ರಷ್ಯನ್ ಮ್ಯೂಸಿಯಂಗೂ ಹಾಗೇ. ಸೇಂಟ್ ಐಸಾಕ್ ಚರ್ಚಿಗೆ ಬುಧವಾರ. ಇದರ ಮೇಲೆ ತಿಂಗಳಿಗೊಂದು ದಿನ ಸ್ವಚ್ಛತೆಗೆಂದು ಮುಚ್ಚುವ ಪದ್ಧತಿ ಇದೆ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡರೆ ನಿಮ್ಮ ಪ್ರವಾಸದ ಅರ್ಧ ವೇಳಾಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಸೋಮವಾರ ಪೀಟರ್‌ಹಾಫ್ ಕಾರಂಜಿ, ಮಂಗಳವಾರ ಹರ್ಮಿಟೇಜ್ ಅಂತ ಇಟ್ಟುಕೊಳ್ಳಬಹುದು ನೋಡಿ. ಊರಿಗೆ ನಾಲ್ಕು ಪೂರ್ತಿ ದಿನ ಬೇಕು. ಮೂರರಲ್ಲಿ ಮುಗಿಸಿದವರಿದ್ದಾರೆ, ಅವರ ಕಾಲು ನೋವು ಅವರಿಗೇ ಗೊತ್ತು.

ಕಾರಂಜಿಗಳು ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ. ಜೂನ್‌ನಲ್ಲಿ ರಾತ್ರಿ ಸರಿಯಾಗಿ ಕತ್ತಲಾಗುವುದೇ ಇಲ್ಲ. 'ಬಿಳಿ ರಾತ್ರಿ' ಅನ್ನುತ್ತಾರೆ. ಜನಜಂಗುಳಿಯೂ ಆಗಲೇ ಜಾಸ್ತಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ಎರಡು ವಾರ. ಮಳೆ ಯಾವ ತಿಂಗಳಲ್ಲೂ ಬರುತ್ತದೆ. ಛತ್ರಿ ಬ್ಯಾಗಿನಲ್ಲೇ ಇರಲಿ.

ಮೊದಲ ದಿನ: ನಡಿಗೆ, ದೋಣಿ

ಪೀಟರ್ ದೊರೆ 1703ರಲ್ಲಿ ಜೌಗು ನೆಲದ ಮೇಲೆ ಕಟ್ಟಿಸಿದ ಊರು ಇದು. ನೆಲ ಚಪ್ಪಟೆ, ನಡೆಯುವುದು ಸುಲಭ. ಮೊದಲ ಬೆಳಗ್ಗೆ ಮೂರು ಗಂಟೆಗೆ ಒಬ್ಬ ಗೈಡ್ ಹಿಡಿಯಿರಿ, ಏಳೆಂಟು ಜನರ ಚಿಕ್ಕ ಗುಂಪಾದರೂ ಸರಿ. ನಲವತ್ತು ಜನರ ಬಸ್ ಟೂರ್ ಬೇಡ. ಅರ್ಧ ಹೊತ್ತು ತಲೆ ಎಣಿಸುವುದರಲ್ಲೇ ಹೋಗುತ್ತದೆ. ರಷ್ಯಾದಲ್ಲಿ ಗೈಡ್‌ಗಳು ಪರೀಕ್ಷೆ ಪಾಸು ಮಾಡಿ ಕಾರ್ಡ್ ಇಟ್ಟುಕೊಂಡಿರಬೇಕು. ಕೇಳಿ ನೋಡಿ, ತಪ್ಪು ತಿಳಿಯುವುದಿಲ್ಲ. ಬುಕ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಟಿಕೆಟ್ ಸೇರಿದೆಯೇ? ಗುಂಪಿನಲ್ಲಿ ಎಷ್ಟು ಜನ? ಅಂಗಡಿಗೆ ಕರೆದೊಯ್ಯುತ್ತೀರಾ? ಮೂರನೆಯದಕ್ಕೆ ನೇರ ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಗೈಡ್ ಇದ್ದರೆ ಏನು ಲಾಭ ಅಂತೀರಾ? ಬಣ್ಣಬಣ್ಣದ ಗುಮ್ಮಟಗಳ 'ರಕ್ತದ ಮೇಲಿನ ಚರ್ಚ್' ಉದಾಹರಣೆ. ಒಳಗೆ ಹೋದವರೆಲ್ಲ ಕತ್ತೆತ್ತಿ 7,000 ಚದರ ಮೀಟರ್ ಮೀರಿದ ಮೊಸಾಯಿಕ್ ನೋಡುತ್ತಾರೆ. ನಮ್ಮ ಗೈಡ್ ಕೆಳಗೆ ನೋಡಿ ಅಂದರು. ಪಶ್ಚಿಮದ ಮೂಲೆಯಲ್ಲಿ ಒಂದು ಚಪ್ಪರದಂಥ ರಚನೆ. ಅದರ ಕೆಳಗೆ ಹಳೆಯ ರಸ್ತೆಯ ಕಲ್ಲುಗಳು ಹಾಗೇ ಇವೆ. 1881ರಲ್ಲಿ ಎರಡನೇ ಅಲೆಕ್ಸಾಂಡರ್ ದೊರೆ ಬಾಂಬ್ ದಾಳಿಗೆ ಸಿಕ್ಕಿ ಬಿದ್ದದ್ದು ಆ ಕಲ್ಲುಗಳ ಮೇಲೆ. ಆ ಜಾಗ ಬಿಡಬಾರದೆಂದೇ ಚರ್ಚನ್ನು ಕಾಲುವೆಯೊಳಕ್ಕೆ ಸ್ವಲ್ಪ ಚಾಚಿ ಕಟ್ಟಿದ್ದಾರೆ. ನಾವೇ ಹೋಗಿದ್ದರೆ ಅದನ್ನು ದಾಟಿಕೊಂಡು ಬಂದುಬಿಡುತ್ತಿದ್ದೆವು.

ಮಧ್ಯಾಹ್ನ ಕಾಲುವೆ ದೋಣಿ. ಇಂಗ್ಲಿಷ್ ವಿವರಣೆ ಇರುವುದನ್ನೇ ಕೇಳಿ ಹತ್ತಿ. ರಾತ್ರಿ ದೋಣಿಗೂ ಹೋಗುವುದಾದರೆ ಒಂದು ಎಚ್ಚರಿಕೆ: ಏಪ್ರಿಲ್‌ನಿಂದ ನವೆಂಬರ್‌ವರೆಗೆ ರಾತ್ರಿ ಒಂದು ದಾಟುತ್ತಿದ್ದಂತೆ ಹಡಗುಗಳಿಗೆ ದಾರಿ ಬಿಡಲು ನೇವಾ ನದಿಯ ಸೇತುವೆಗಳನ್ನು ಎತ್ತುತ್ತಾರೆ. ನೋಡಲು ಚೆಂದ. ನಿಮ್ಮ ಹೋಟೆಲ್ ಆಚೆ ದಡದಲ್ಲಿದ್ದು ನೀವು ಈಚೆ ಉಳಿದರೆ ಬೆಳಗಿನವರೆಗೂ ನೋಡುತ್ತಲೇ ಇರಬೇಕಾದೀತು.

ಹರ್ಮಿಟೇಜ್: ಎರಡು ಗಂಟೆ ಗೈಡ್, ಮಿಕ್ಕದ್ದು ನೀವೇ

ಇಲ್ಲಿರುವ ವಸ್ತುಗಳು ಸುಮಾರು ಮೂವತ್ತು ಲಕ್ಷ. ಎಲ್ಲ ನೋಡುತ್ತೇನೆ ಅನ್ನುವ ಆಸೆಯನ್ನು ಕೋಟಿನ ಜೊತೆಗೇ ಗಾರ್ದೆರೋಬ್‌ನಲ್ಲಿ ಬಿಟ್ಟುಬಿಡಿ. ಗಾರ್ದೆರೋಬ್ ಅಂದರೆ ಕೋಟು, ಬ್ಯಾಗು ಒಪ್ಪಿಸಿ ನಂಬರ್ ಬಿಲ್ಲೆ ಪಡೆಯುವ ಕಟ್ಟೆ. ಅಲ್ಲಿನ ಮ್ಯೂಸಿಯಂಗಳಲ್ಲೆಲ್ಲ ಇರುತ್ತದೆ. ಪಾಸ್‌ಪೋರ್ಟ್, ದುಡ್ಡು ಮಾತ್ರ ಜೊತೆಗಿರಲಿ.

ಗೈಡ್ ಜೊತೆ ಜೋರ್ಡಾನ್ ಮೆಟ್ಟಿಲು, ಚಿನ್ನದ ನವಿಲು ಗಡಿಯಾರ, ಲಿಯೊನಾರ್ಡೊ ಬಿಡಿಸಿದ ಎರಡು ತಾಯಿ-ಮಗು ಚಿತ್ರ, ರೆಂಬ್ರಾಂಟ್‌ನ 'ದಾರಿ ತಪ್ಪಿ ಮರಳಿದ ಮಗ'. ಇಷ್ಟಕ್ಕೇ ಎರಡು ಗಂಟೆ. ಆಮೇಲೆ ಅವರನ್ನು ಕಳಿಸಿ, ಏನಾದರೂ ತಿಂದು, ಚೌಕದ ಆಚೆಗಿರುವ, ಹರ್ಮಿಟೇಜಿನದೇ ಆದ ಜನರಲ್ ಸ್ಟಾಫ್ ಕಟ್ಟಡಕ್ಕೆ ನೀವೇ ಹೋಗಿ. ಮಟೀಸ್ ಬಿಡಿಸಿದ 'ನೃತ್ಯ' ಚಿತ್ರ ಅಲ್ಲಿದೆ. ಜನ ಕಡಿಮೆ, ಕೂರಲು ಬೆಂಚಿದೆ.

ಕನ್ನಡಿಗರಿಗೆ ಇನ್ನೊಂದು ಕೆಲಸ ಹೇಳುತ್ತೇನೆ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ಗೊತ್ತಲ್ವಾ? ಅಲ್ಲಿ ದೇವಿಕಾ ರಾಣಿ ಜೊತೆ ಬಾಳಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ 1904ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅವರ ತಂದೆ ನಿಕೊಲಾಯ್ ರೋರಿಕ್ ಕೂಡ ಇಲ್ಲಿಯವರೇ. ತಂದೆಯ ಚಿತ್ರಗಳು ರಷ್ಯನ್ ಮ್ಯೂಸಿಯಂನಲ್ಲಿವೆ, ವಾಸಿಲ್ಯೆವ್‌ಸ್ಕಿ ದ್ವೀಪದಲ್ಲಿ ಈ ಕುಟುಂಬದ್ದೇ ಒಂದು ಮ್ಯೂಸಿಯಂ ಇದೆ. ಚಿತ್ರಕಲಾ ಪರಿಷತ್ತಿನಲ್ಲಿ ರೋರಿಕ್ ಗ್ಯಾಲರಿ ನೋಡಿ ಹೊರಟರೆ ಆ ನೀಲಿ ಬಣ್ಣದ ಗುರುತು ಥಟ್ಟನೆ ಸಿಗುತ್ತದೆ.

ಪೀಟರ್‌ಹಾಫ್: ದೋಣಿಯಲ್ಲಿ ಹೋಗಿ, ರೈಲಲ್ಲಿ ಬನ್ನಿ

ಹರ್ಮಿಟೇಜ್ ಮುಂದಿನ ಕಟ್ಟೆಯಿಂದ 'ಮೆಟಿಯೊರ್' ಎಂಬ ವೇಗದ ದೋಣಿ ಹೊರಡುತ್ತದೆ. ಮುಕ್ಕಾಲು ಗಂಟೆಯೊಳಗೆ ಪೀಟರ್‌ಹಾಫ್. ದುಬಾರಿಯೇ. ಆದರೂ ಹೋಗುವಾಗ ಇದನ್ನೇ ಹತ್ತಿ. ದೋಣಿ ಇಳಿದು ಕಾಲುವೆ ಪಕ್ಕ ನಡೆದರೆ ಎದುರಿಗೆ ಅರಮನೆ, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಾರಂಜಿ. ಸಮುದ್ರದ ಕಡೆಯಿಂದ ಬಂದವರು ಬೆರಗಾಗಲಿ ಅಂತಲೇ ಹಾಗೆ ಕಟ್ಟಿದ್ದು. ಗಾಳಿ ಜೋರಿದ್ದರೆ ದೋಣಿ ರದ್ದಾಗುತ್ತದೆ. ಬರುವಾಗ ಅದನ್ನೇ ನಂಬಿಕೊಳ್ಳಬೇಡಿ. ನೋವಿ ಪೀಟರ್‌ಹಾಫ್ ಸ್ಟೇಷನ್‌ನಿಂದ ಬಾಲ್ಟಿಸ್ಕಿ ನಿಲ್ದಾಣಕ್ಕೆ ಲೋಕಲ್ ರೈಲು ಇದೆ. ಟಿಕೆಟ್ ದೋಣಿಗಿಂತ ತುಂಬಾ ಅಗ್ಗ.

ಹತ್ತೂವರೆಗೆಲ್ಲ ಅಲ್ಲಿರಿ. ಸಾಮಾನ್ಯವಾಗಿ ಹನ್ನೊಂದಕ್ಕೆ ಸಂಗೀತದ ಜೊತೆ ದೊಡ್ಡ ಕಾರಂಜಿಗಳನ್ನು ಬಿಡುತ್ತಾರೆ. ಸಿಂಹದ ಬಾಯಿ ಸೀಳುತ್ತಿರುವ ಸ್ಯಾಮ್ಸನ್ ಅಂದರೆ ರಷ್ಯಾ, ಸಿಂಹ ಅಂದರೆ ಸ್ವೀಡನ್. 1709ರ ಪೊಲ್ತಾವಾ ಯುದ್ಧದ ಗೆಲುವಿನ ನೆನಪಿಗೆ ಮಾಡಿಸಿದ್ದು. ಈಗ ಇರುವುದು 1947ರ ಮರುಸೃಷ್ಟಿ, ಮೊದಲಿನದು ಎರಡನೇ ಮಹಾಯುದ್ಧದಲ್ಲಿ ಕಾಣೆಯಾಯಿತು. ನನಗೆ ಜಾಸ್ತಿ ಹಿಡಿಸಿದ್ದು ನೀರಿನ ವಿಷಯ. ಒಂದು ಪಂಪೂ ಇಲ್ಲ. ಇಪ್ಪತ್ತು ಕಿಲೋಮೀಟರ್ ಆಚೆಯ ಎತ್ತರದ ಒರತೆಗಳಿಂದ ನೀರು ಕಾಲುವೆಗಳಲ್ಲಿ ಇಳಿದು ಬರುತ್ತದೆ. ಆ ಇಳಿಜಾರಿನ ಒತ್ತಡವೇ ಚಿಮ್ಮಿಸುವುದು. 1721ರಿಂದ ಹೀಗೇ ನಡೆದಿದೆ.

ಉದ್ಯಾನಕ್ಕೆ ಗೈಡ್ ಬೇಕಿಲ್ಲ, ಒಂದು ನಕ್ಷೆ ಸಾಕು. 'ತುಂಟ ಕಾರಂಜಿ'ಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಯಾವ ಕಲ್ಲು ತುಳಿದರೆ ನೀರು ಹಾರುತ್ತದೆ ಅಂತ ಮಕ್ಕಳು ಒಂದೊಂದೇ ಕಲ್ಲು ತುಳಿದು ನೋಡುತ್ತಿರುತ್ತಾರೆ, ಅಪ್ಪಂದಿರು ಕೂಡ. ಪಕ್ಕದ ಗೂಡಿನೊಳಗೆ ಒಬ್ಬರು ಕೂತು ನಲ್ಲಿ ತಿರುಗಿಸುತ್ತಿರುತ್ತಾರೆ, ಅಷ್ಟೇ. ಮಕ್ಕಳಿಗೆ ಹೇಳಬೇಡಿ. ಒಮ್ಮೆ ಹೊರಬಿದ್ದರೆ ಅದೇ ಟಿಕೆಟ್ಟಿಗೆ ಮತ್ತೆ ಒಳಗೆ ಬಿಡುವುದಿಲ್ಲ, ಬುತ್ತಿ ಜೊತೆಗಿರಲಿ. ದೊಡ್ಡ ಅರಮನೆಯ ಒಳಗೆ ಹೋಗಲೇಬೇಕಾ? ಕ್ಯಾಥರೀನ್ ಅರಮನೆ ನೋಡುವವರು ಇದನ್ನು ಬಿಟ್ಟರೂ ನಷ್ಟವಿಲ್ಲ. ಎರಡಕ್ಕೂ ಮೆರುಗು ಕೊಟ್ಟವನು ರಾಸ್ಟ್ರೆಲ್ಲಿ ಎಂಬ ಒಬ್ಬನೇ ವಾಸ್ತುಶಿಲ್ಪಿ.

ಕ್ಯಾಥರೀನ್ ಅರಮನೆ: ಇಲ್ಲಿ ಗೈಡ್ ಬೇಕು

ಇದು ಪುಷ್ಕಿನ್ ಪಟ್ಟಣದಲ್ಲಿದೆ, ಹಳೆಯ ಹೆಸರು ತ್ಸಾರ್‌ಸ್ಕೊಯೆ ಸೆಲೊ. ನಗರದ ದಕ್ಷಿಣಕ್ಕೆ 25 ಕಿಲೋಮೀಟರ್. ಪೀಟರ್‌ಹಾಫ್ ಇರುವುದು ಪಶ್ಚಿಮಕ್ಕೆ. ಎರಡನ್ನೂ ಒಂದೇ ದಿನಕ್ಕೆ ತುರುಕುವವರಿಗೆ ನಕ್ಷೆ ತೋರಿಸಬೇಕು. ವಿಟೆಬ್‌ಸ್ಕಿ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ. ರಷ್ಯಾದಲ್ಲಿ ಜನರಿಗಾಗಿ ಓಡಿದ ಮೊದಲ ರೈಲು ಇದೇ ದಾರಿಯದು, 1837ರಲ್ಲಿ.

ಬೇಸಿಗೆಯಲ್ಲಿ ಗುಂಪುಗಳಿಗೆ ಬೇರೆ ಹೊತ್ತು, ಬಿಡಿಯಾಗಿ ಬಂದವರಿಗೆ ಬೇರೆ ಹೊತ್ತು. ಬಿಡಿ ಜನರ ಸರದಿ ಉದ್ದ. ಅದಕ್ಕೇ ಟಿಕೆಟ್ ಸಮೇತ ಗೈಡ್ ಹಿಡಿಯಿರಿ, ಅರಮನೆ ಬಾಗಿಲಲ್ಲೇ ಭೇಟಿಯಾಗಲು ಹೇಳಿ. ಕಾರಿನ ಖರ್ಚು ಉಳಿಯುತ್ತದೆ.

ಒಳಗೆ ಹೋಗುವ ಮೊದಲು ಶೂ ಮೇಲೆ ಪ್ಲಾಸ್ಟಿಕ್ ಚೀಲ ತೊಡಿಸುತ್ತಾರೆ. 'ಬಖೀಲಿ' ಅಂತಾರೆ. ನಾವು ಚಪ್ಪಲಿ ಹೊರಗೆ ಬಿಟ್ಟು ಹೋಗುವವರು, ಅವರು ಅದಕ್ಕೂ ಅಂಗಿ ಹಾಕುತ್ತಾರೆ. ನುಣುಪಾದ ಮರದ ನೆಲದ ಮೇಲೆ ಎಲ್ಲರೂ ಸುಯ್ ಸುಯ್ ಅಂತ ಜಾರಿಕೊಂಡು ನಡೆಯುವ ಸದ್ದು ಈಗಲೂ ಕಿವಿಯಲ್ಲಿದೆ.

ಎಲ್ಲರೂ ಕಾಯುವುದು ಅಂಬರ್ ಕೋಣೆಗೆ. ಅಂಬರ್ ಅಂದರೆ ಕೋಟಿಗಟ್ಟಲೆ ವರ್ಷ ಹಿಂದಿನ ಮರದ ಅಂಟು ಕಲ್ಲಿನಂತಾದದ್ದು. ಅದನ್ನು ಜೋಡಿಸಿ ಮಾಡಿದ ಗೋಡೆ ಹಲಗೆಗಳನ್ನು 1716ರಲ್ಲಿ ಪ್ರಷ್ಯಾದ ದೊರೆ ರಷ್ಯಾದ ಪೀಟರ್‌ಗೆ ಉಡುಗೊರೆ ಕೊಟ್ಟ. 1941ರಲ್ಲಿ ಜರ್ಮನ್ ಸೇನೆ ಹತ್ತಿರ ಬಂದಾಗ, ಕಿತ್ತರೆ ಪುಡಿಯಾಗುತ್ತದೆಂದು ಹೆದರಿದ ಸಿಬ್ಬಂದಿ ಅದರ ಮೇಲೆ ಕಾಗದ ಅಂಟಿಸಿ ಮರೆಮಾಡಿದರು. ಉಪಯೋಗವಾಗಲಿಲ್ಲ. ಜರ್ಮನ್ನರು ಅದನ್ನು ಬಿಚ್ಚಿ ಆಗ ತಮ್ಮದಾಗಿದ್ದ ಕೋನಿಗ್ಸ್‌ಬರ್ಗ್ ಪಟ್ಟಣಕ್ಕೆ ಸಾಗಿಸಿದರು, ಅಲ್ಲಿಂದ ಮುಂದೆ ಅದರ ಸುಳಿವೇ ಇಲ್ಲ. ಈಗಿನದು 1979ರಲ್ಲಿ ಶುರುಮಾಡಿ 2003ರಲ್ಲಿ ಮುಗಿಸಿದ್ದು. ಬಣ್ಣ ಹೇಳಲೇ? ಬೆಲ್ಲದ ಪಾಕ ಉಕ್ಕಿ ಬರುವ ಹೊತ್ತಿಗೆ ಹೊರಬಿಸಿಲು ಬಿದ್ದರೆ ಹೇಗಿರುತ್ತದೋ ಹಾಗೆ. ಜನರನ್ನು ಬೇಗ ಬೇಗ ಮುಂದೆ ಕಳಿಸುತ್ತಾರೆ. ಗೈಡ್ ಈ ಕತೆಯನ್ನು ಹಿಂದಿನ ಕೋಣೆಯಲ್ಲೇ ಹೇಳಿ ಮುಗಿಸಿದರೆ ಒಳಗೆ ಸುಮ್ನೆ ನೋಡಬಹುದು. ಮೊದಲೇ ಕೇಳಿಕೊಳ್ಳಿ.

ಊಟಕ್ಕೆ ಒಂದು ಮಾತು. 'ಬೆಜ಼್ ಮ್ಯಾಸ' ಅಂದರೆ ಮಾಂಸ ಇಲ್ಲದ್ದು. ಆದರೆ ಅಲ್ಲಿ ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ, 'ಬೆಜ಼್ ರೀಬಿ' ಅಂತಲೂ ಸೇರಿಸಿ. ಆಲೂಗಡ್ಡೆ ತುಂಬಿದ ಕಡುಬಿನಂಥ ವಾರೆನಿಕಿ, ನಮ್ಮ ದೋಸೆಯ ದೂರದ ನೆಂಟನಂಥ ಬ್ಲಿನಿ ಎಲ್ಲೆಡೆ ಸಿಗುತ್ತವೆ.

ಮಧ್ಯಾಹ್ನ ಗೈಡ್‌ಗೆ ವಂದನೆ ಹೇಳಿ, ಅದೇ ರೈಲು ದಾರಿಯಲ್ಲಿ ಮುಂದಿನ ಪಾವ್ಲೊವ್‌ಸ್ಕ್‌ಗೆ ಹೋಗಿ. ಸ್ಟೇಷನ್ ಎದುರಿಗೇ ಉದ್ಯಾನದ ಗೇಟು. ಸುಮಾರು 600 ಹೆಕ್ಟೇರ್ ಕಾಡು, ಹೊಳೆ, ಸೇತುವೆ. ಒಂದು ಕಾಲಕ್ಕೆ ಇಲ್ಲಿ ರೈಲು ಇಳಿದವರಿಗೆ ಸಂಗೀತ ಕಛೇರಿ ನಡೆಯುತ್ತಿತ್ತು, ವಿಯೆನ್ನಾದ ಸಂಗೀತಗಾರ ಯೋಹಾನ್ ಸ್ಟ್ರಾಸ್ 1856ರಿಂದ ಎಷ್ಟೋ ಬೇಸಿಗೆ ಇಲ್ಲಿ ನುಡಿಸಿದ್ದಾನೆ. ಅಳಿಲುಗಳು ಕೈಯಿಂದಲೇ ತಿನ್ನುತ್ತವೆ. ಬೀಜ ಒಯ್ಯಿರಿ, ಉಪ್ಪು ಹಾಕದ್ದು. ಅಕ್ಕ ಅರ್ಧ ಗಂಟೆ ಕೈ ಚಾಚಿಕೊಂಡು ಕೂತಿದ್ದಳು, ಎರಡು ರೈಲು ಹೋದವು. ಒಂದು ಅಳಿಲು ಅವಳ ಕೋಟಿನ ಜೇಬಿಗೇ ಮೂತಿ ಹಾಕಿತು. ರೈಲಿನ ಟಿಕೆಟ್ಟೂ ಅದೇ ಜೇಬಿನಲ್ಲಿತ್ತು. ವಿಟೆಬ್‌ಸ್ಕಿಯಲ್ಲಿ ಹೊರಗೆ ಬರುವಾಗಲೂ ಗೇಟಿಗೆ ಆ ಚೀಟಿ ತೋರಿಸಬೇಕು. ಬೀಜ ಒಂದು ಜೇಬಿನಲ್ಲಿ, ಟಿಕೆಟ್ ಇನ್ನೊಂದರಲ್ಲಿ ಇಟ್ಟುಕೊಳ್ಳಿ.