ಮಳೆ ನೋಡಿ ಹಿಡಿದ ಜಾಗ: ಕುಶಾಲನಗರ ಕಡೆಯ ಬ್ಯಾಟರಿ ಘಟಕ, ನನ್ನ ಅನುಭವ

"ಕಾನೂನು ಕೇಳದ್ದನ್ನು ನೀನಾಗಿಯೇ ಬಿಚ್ಚಿಟ್ಟರೆ ಫೈಲು ಅಲ್ಲೇ ಕೊಳೆಯುತ್ತೆ ಮಾರಾಯ" ಅಂತ ಮೈಸೂರಿನ ಗೆಳೆಯನೊಬ್ಬ ಎರಡು ವರ್ಷ ಹೇಳುತ್ತಲೇ ಇದ್ದ. ಅವನೂ ನನ್ನ ಹಾಗೆ ಬ್ಯಾಟರಿ ಘಟಕಕ್ಕೆ ಜಾಗ ಹುಡುಕುವ ಕಸುಬಿನವನು. ಕಾನೂನು ಕೇಳದಿದ್ದರೂ ಪರಿಸರ ಪರಿಶೀಲನೆ ಮಾಡಿ ಅದನ್ನು ಊರಿನ ಮುಂದಿಟ್ಟೆ. ಫೈಲು ಕೊಳೆಯಲಿಲ್ಲ. ಮೂರು ಎಕರೆಗೆ ಭೂಪರಿವರ್ತನೆ ಆದೇಶ ಬಂತು, ಪಂಚಾಯಿತಿ ಒಪ್ಪಿತು, ಒಂದೇ ಒಂದು ತಕರಾರು ಅರ್ಜಿ ಬೀಳಲಿಲ್ಲ. ಕೊಡಗಿನಲ್ಲಿ ಹಂದಿಗೂಡು ಕಟ್ಟಿದರೂ ತಕರಾರು ಬರುವ ಕಾಲ ಇದು.

ಇದು ಬ್ಯಾಟರಿ ತಯಾರಿಸುವುದಲ್ಲ, ಬ್ಯಾಟರಿಯಲ್ಲಿ ವಿದ್ಯುತ್ ಶೇಖರಿಸಿಡುವ ಘಟಕ. ದೊಡ್ಡದೇನಲ್ಲ. ಐದು ಮೆಗಾವಾಟ್, ನಾಲ್ಕು ಗಂಟೆಯ ಶೇಖರಣೆ, ಇಪ್ಪತ್ತಡಿ ಕಂಟೇನರ್ ನಾಲ್ಕು. ಇಷ್ಟಕ್ಕೆ ಜಾಗ ಹುಡುಕಲು ನನಗೆ ಮೂರು ವರ್ಷ ಹಿಡಿಯಿತು, ಎಂಟೂವರೆ ಲಕ್ಷ ಮುಳುಗಿತು.

ಮೊದಲನೆಯದು ಮಡಿಕೇರಿ ಕಡೆಯ ಜಮ್ಮಾ ಬಾಣೆ. ಕರೆಂಟ್ ಲೈನ್ ಪಕ್ಕದಲ್ಲೇ ಹೋಗುತ್ತಿತ್ತು, ಬಾಡಿಗೆಯೂ ಅಗ್ಗ. ಜಮ್ಮಾ ಅಂದರೆ ಕೊಡಗಿನ ಕುಟುಂಬಗಳು ತಲೆಮಾರುಗಳಿಂದ ಒಟ್ಟಾಗಿ ಹಿಡಿದಿರುವ ಜಾಗ, ಬಾಣೆ ಅಂದರೆ ಗದ್ದೆಗೆ ಸೇರಿದ ಮರಗಳಿರುವ ಗುಡ್ಡ. ಪಹಣಿಯಲ್ಲಿ ಎದ್ದು ಕಾಣುತ್ತಿದ್ದುದು ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ ಹೆಸರು, ಸಹಿ ಹಾಕಬೇಕಾದವರು ಇಪ್ಪತ್ತಮೂರು ಮಂದಿ. ಇಪ್ಪತ್ತೆರಡು ಸಹಿ ತಂದೆ. ಉಳಿದ ಒಬ್ಬರು ದುಬೈಯಲ್ಲಿದ್ದರು. ಅವರಿಗೆ ನನ್ನ ಮೇಲೇನೂ ಇಲ್ಲ, ತಮ್ಮನ ಮೇಲೆ ಸಿಟ್ಟು. ಸಾಲದ್ದಕ್ಕೆ ಜಾಗ ರಿಡೀಮ್ ಆಗಿರಲಿಲ್ಲ, ಅಂದರೆ ಮರದ ಹಕ್ಕು ಸರ್ಕಾರದ್ದು. ಮಟ್ಟ ಮಾಡಲು ಗುಡ್ಡದ ಬುಡವನ್ನು ಹನ್ನೆರಡು ಅಡಿ ಕಡಿಯಬೇಕಿತ್ತು. 2018ರ ಆಗಸ್ಟಿನ ಗುಡ್ಡ ಕುಸಿತವನ್ನು ಕಣ್ಣಾರೆ ಕಂಡವನಿಗೆ ಅಲ್ಲಿಗೆ ಜೆಸಿಬಿ ಕರೆಸಲು ಮನಸ್ಸು ಬರಲಿಲ್ಲ. ಸರ್ವೆ, ಅಡ್ವಾನ್ಸ್, ವಕೀಲರು ಎಲ್ಲ ಸೇರಿ ಆರೂವರೆ ಲಕ್ಷ ಹೋಯಿತು.

ಎರಡನೆಯದು ಹೊಳೆ ಕಡೆಯ ಗದ್ದೆ. ಸಪಾಟು ಜಾಗ, ಕುಟುಂಬದ ಜಗಳವಿಲ್ಲ. ನಾಲ್ಕು ಲಕ್ಷ ಅಡ್ವಾನ್ಸ್ ಕೊಟ್ಟ ಮೇಲೆ ಒಂದು ದಿನ ಪಂಪ್‌ಸೆಟ್ ಕೋಣೆಯ ಬಾಗಿಲು ತೆಗೆದು ನೋಡಿದೆ. ಹೊರಗೋಡೆಗೆ ಹೊಸ ಸುಣ್ಣ, ಒಳಗೋಡೆಯಲ್ಲಿ ನನ್ನ ಎದೆಮಟ್ಟಕ್ಕೆ ಕೆಸರಿನ ಗೆರೆ. 2019ರ ನೆರೆಯದು ಅಂತ ಗದ್ದೆ ಕೆಲಸದ ಆಳು ಹೇಳಿದ. ಅರ್ಧ ದುಡ್ಡು ವಾಪಸ್ ಬಂತು, ಇನ್ನರ್ಧ ಮಾತಿನಲ್ಲೇ ಇದೆ.

ಮೂರನೆಯದು ಕೂಡಿಗೆ ಕಡೆ, ಯಾರೂ ಬಳಸದೆ ಬಿಟ್ಟಿದ್ದ ಹಳೆಯ ಕಾಫಿ ಕಣ ಮತ್ತು ಅದರ ಸುತ್ತಿನ ಪಾಳು. ಮಣ್ಣು ಕಡಿಯಬೇಕಿಲ್ಲ, ಮರ ಬೀಳಿಸಬೇಕಿಲ್ಲ. ಈ ಸಲ ಅರ್ಜಿ ಹಾಕದೆ 2024ರ ಇಡೀ ಮಳೆಗಾಲ ಸುಮ್ಮನೆ ನೋಡಿದೆ. ಇದಕ್ಕೂ ಗೆಳೆಯ ನಕ್ಕ.

2006ರ ಇಐಎ (ಪರಿಸರ ಪರಿಣಾಮ ಅಧ್ಯಯನ) ಅಧಿಸೂಚನೆಯ ಪಟ್ಟಿಯಲ್ಲಿ ಬ್ಯಾಟರಿ ಶೇಖರಣೆ ಎಂಬ ಬಾಬತ್ತೇ ಇಲ್ಲ. ಹಾಗಾಗಿ ಪರಿಸರ ಅನುಮತಿಗೆ ಯಾರೂ ನಮ್ಮನ್ನು ಕೇಳುವುದಿಲ್ಲ. ಆದರೆ ಊರಿನವರು ಕೇಳುತ್ತಾರೆ. ಅದಕ್ಕೆ ನಾನೇ ಒಂದು ಪರಿಶೀಲನೆ ಮಾಡಿ ನಲವತ್ತು ಪುಟ ಕನ್ನಡದಲ್ಲೇ ಬರೆದೆ.

ಮಳೆಯ ಲೆಕ್ಕಕ್ಕೆ ಪಕ್ಕದ ತೋಟದ ಮಾವನ ಮಳೆ ಪುಸ್ತಕ ಸಿಕ್ಕಿತು. ಮೂವತ್ತು ವರ್ಷ, ದಿನಕ್ಕೆ ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಪೆನ್ಸಿಲ್ಲಿನಲ್ಲಿ ಬರೆದದ್ದು. ದುಡ್ಡು ಕೊಟ್ಟು ತಂದ ಅಂಕಿಅಂಶಕ್ಕಿಂತ ಅದೇ ಕೆಲಸಕ್ಕೆ ಬಂತು. ಬೆಂಕಿ ಬಿದ್ದರೆ ಪಕ್ಕದ ಕಂಟೇನರ್ ತಂಪಾಗಿಡಲು ನೀರು ಹೊಡೆಯಬೇಕು, ಆ ಕೊಳಕು ನೀರು ತೋಡಿಗೆ ಇಳಿಯಬಾರದು. ಕಣದ ಮೂಲೆಯ ಹಳೆಯ ಹೊಂಡ ಸಾಕು ಅಂದುಕೊಂಡಿದ್ದೆ, ಸುಮಾರು ಎರಡು ಲಕ್ಷ ಲೀಟರ್ ಹಿಡಿಯುತ್ತೆ. ಜುಲೈಯಲ್ಲಿ ಹೋಗಿ ನೋಡಿದರೆ ತುಂಬಿ ತುಳುಕುತ್ತಿದೆ! ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ಆಗುತ್ತೆ. ಎರಡು ಇಂಚಿನ ಒಂದು ದಿನ ಸಾಕು. ಡ್ರಾಯಿಂಗ್ ಮಾಡಿದ ಇಂಜಿನಿಯರ್ ಬಯಲುಸೀಮೆಯವರು, ಅವರಿಗೆ ಇದು ಹೊಳೆದಿರಲಿಲ್ಲ. ಈಗ ಮಳೆನೀರು ಹೊಂಡದ ಹೊರಗೇ ಹರಿದುಹೋಗುತ್ತೆ, ಬೆಂಕಿ ಬಿದ್ದಾಗ ಗೇಟ್‌ವಾಲ್ವ್ ತಿರುಗಿಸಿದರೆ ಮಾತ್ರ ನೀರು ಹೊಂಡಕ್ಕೆ. ಖರ್ಚು ಎಂಬತ್ತು ಸಾವಿರ ಚಿಲ್ಲರೆ.

ಸದ್ದಿನದು ಬೇರೆ ಕಥೆ. ವಸತಿ ಪ್ರದೇಶದಲ್ಲಿ ರಾತ್ರಿ ಮಿತಿ 45 ಡೆಸಿಬೆಲ್. ಜುಲೈ ರಾತ್ರಿ ಮೀಟರ್ ಹಿಡಿದರೆ ಕಪ್ಪೆ, ಜೀರುಂಡೆಗಳೇ ಅದನ್ನು ದಾಟಿಸುತ್ತವೆ. ಆ ಅಂಕಿ ಬರೆದು ಪಾರಾಗಬಹುದಿತ್ತು. ಆದರೆ ಫ್ಯಾನು ಜೋರಾಗಿ ಓಡುವುದು ಬೇಸಿಗೆಯಲ್ಲಿ, ಆಗ ಊರು ಗಪ್‌ಚುಪ್. ಜನವರಿಯಲ್ಲಿ ಕೂಲಿಂಗ್ ಫ್ಯಾನಿನ ರೆಕಾರ್ಡಿಂಗ್ ತರಿಸಿ, ಮದುವೆಮನೆಯ ಸ್ಪೀಕರ್ ಬಾಡಿಗೆಗೆ ತಂದು, ರಾತ್ರಿ ಹತ್ತಕ್ಕೆ ಬೇಲಿ ಹತ್ತಿರ ಹಾಕಿದೆ. ಇನ್ನೂರು ಮೀಟರ್ ದೂರದ ಮನೆಯಿಂದ ಫೋನ್ ಬಂತು: "ಈ ಹೊತ್ತಲ್ಲಿ ಯಾರಪ್ಪಾ ಪಲ್ಪರ್ ಓಡಿಸ್ತಿರೋದು?" (ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ.) ಮಾರನೇ ದಿನವೇ ನಕ್ಷೆಯಲ್ಲಿ ಫ್ಯಾನಿನ ಮುಖವನ್ನು ಆ ಮನೆಯ ವಿರುದ್ಧ ದಿಕ್ಕಿಗೆ ತಿರುಗಿಸಿ, ಮನೆಯ ಕಡೆಗೆ ಹತ್ತಡಿ ಗೋಡೆ ಸೇರಿಸಿದೆ.

ದೀಪದ ಪ್ರಯೋಗವನ್ನು ಯಾರೂ ಕೇಳಿರಲಿಲ್ಲ, ಹಾಗೇ ಮಾಡಿದೆ. ಬಿಳಿ ಎಲ್‌ಇಡಿ ಹಾಕಿದ ಕಂಬಕ್ಕೆ ಹುಳ ಬಂತು, ಹುಳಕ್ಕೆ ಕಪ್ಪೆ, ಮೂರನೇ ರಾತ್ರಿ ಕಪ್ಪೆಗೆ ಕಟ್ಟುಹಾವು. ವಾಚ್‌ಮನ್ ಕೆಲಸ ಬಿಡುತ್ತೇನೆ ಅಂದ. ಹಳದಿ ಬಲ್ಬಿಗೆ ಹುಳ ಬಹಳ ಕಡಿಮೆ. ಆನೆ ಲದ್ದಿ ಪಾಳಿನ ಒಂದು ಅಂಚಿನಲ್ಲಿ ಮಾತ್ರ ಸಿಕ್ಕಿತು. ಬೇಲಿಯನ್ನು ಅಲ್ಲಿಂದ ಇಪ್ಪತ್ತು ಅಡಿ ಒಳಗೆ ಎಳೆದೆ, ಎಂಟು ಸೆಂಟ್ ಜಾಗ ಹೋಯಿತು, ಹೋಗಲಿ.

ಗ್ರಾಮಸಭೆ 2025ರ ಫೆಬ್ರವರಿಯಲ್ಲಿ. ಅದಕ್ಕೆ ಮೂರು ವಾರ ಮುಂಚೆ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಬ್ಯಾಟರಿ ಘಟಕ ಹೊತ್ತಿ ಉರಿದು, ಸಾವಿರಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿದ್ದರು. ಮುಂದೂಡು ಅಂತ ಎಲ್ಲರೂ ಹೇಳಿದರು. ನಾನು ಸಭೆ ಶುರು ಮಾಡಿದ್ದೇ ಆ ಫೋಟೋದಿಂದ. ಅದು ನಿಕಲ್ ಇರುವ ಬ್ಯಾಟರಿ, ಹಳೆಯ ಕಟ್ಟಡದೊಳಗೆ ಒತ್ತೊತ್ತಾಗಿ ಇಟ್ಟದ್ದು. ನಮ್ಮದು ಲಿಥಿಯಂ ಐರನ್ ಫಾಸ್ಫೇಟ್, ಬೆಂಕಿಯ ಅಪಾಯ ಅದಕ್ಕಿಂತ ಕಡಿಮೆ ಇರುವ ಬಗೆ, ಬಯಲಿನಲ್ಲಿ ಬೇರೆಬೇರೆ ಪೆಟ್ಟಿಗೆ. ಅಷ್ಟಕ್ಕೇ ಉರಿಯುವುದಿಲ್ಲ ಅಂತಲ್ಲ. 2021ರಲ್ಲಿ ಆಸ್ಟ್ರೇಲಿಯಾದ ಮೂರಬೂಲ್‌ನಲ್ಲಿ ತಂಪುದ್ರವ ಸೋರಿ ಒಂದು ಪೆಟ್ಟಿಗೆ ಹೊತ್ತಿ, ಗಾಳಿಗೆ ಪಕ್ಕದ್ದಕ್ಕೂ ಹಿಡಿದಿತ್ತು. ಅದನ್ನೂ ಹೇಳಿದೆ. "ಮೊಬೈಲು ಉಬ್ಬಿದ ಹಾಗೆ ಇದೂ ಉಬ್ಬಿದರೆ ನಾವು ಯಾವ ಕಡೆ ಓಡೋದು ಮಗಾ?" ಅಂತ ಒಬ್ಬರು ಅಜ್ಜಿ ಕೇಳಿದರು. ಗಾಳಿ ಯಾವಾಗ ಯಾವ ಕಡೆ ಬೀಸುತ್ತೆ ಎಂಬ ನಕ್ಷೆ ತೆಗೆದು ಅವರ ಮನೆಯಿಂದಲೇ ದಾರಿ ತೋರಿಸಿದೆ. ಆಮೇಲೆ ಹೆಚ್ಚು ಪ್ರಶ್ನೆ ಬರಲಿಲ್ಲ.

ಆ ಗಾಳಿಯ ನಕ್ಷೆ ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ. ಹೆಚ್ಚು ಖರ್ಚಿಲ್ಲ, ತಿಂಗಳುಗಟ್ಟಲೆ ಬೆಳಿಗ್ಗೆ ಬೇಗ ಏಳಬೇಕು ಅಷ್ಟೇ. ಕಚೇರಿಯೊಂದರಲ್ಲಿ ಐದು ತಿಂಗಳು ಕೂತ ಫೈಲು ಎದ್ದದ್ದು ಹೇಗೆ ಎಂಬುದೂ ನನ್ನಲ್ಲೇ ಇರಲಿ. ಲಂಚವಲ್ಲ, ಅಷ್ಟು ಹೇಳಬಲ್ಲೆ.

ವರದಿ, ಪ್ರಯೋಗ, ಸಭೆಯ ಕಾಫಿ ತಿಂಡಿ ಎಲ್ಲ ಸೇರಿ ಮೂರು ಲಕ್ಷ ದಾಟಲಿಲ್ಲ. ಮೊದಲ ಎರಡು ಜಾಗದಲ್ಲಿ ಕಳೆದದ್ದರ ಹೆಚ್ಚುಕಡಿಮೆ ಮೂರನೇ ಒಂದು ಪಾಲು.

ಈಗ ಉಳಿದಿರುವುದು ಸಾಗಣೆ. ಕಂಟೇನರ್ ಒಂದೊಂದೂ ನಲವತ್ತು ಟನ್ ಮೀರುತ್ತೆ. ಮಳೆಗಾಲದಲ್ಲಿ ಜಿಲ್ಲೆಯೊಳಗೆ ಭಾರೀ ವಾಹನ ಬಿಡುವುದು ಕಷ್ಟ. ಹುಣಸೂರು, ಬೈಲಕುಪ್ಪೆ ದಾರಿಯಲ್ಲಿ ಬಂದರೆ ಘಾಟಿಯಿಲ್ಲ, ಆದರೆ ಕೊಪ್ಪದ ಹತ್ತಿರ ಕಾವೇರಿ ಸೇತುವೆ ದಾಟಬೇಕು. ಅದರ ಭಾರದ ಲೆಕ್ಕ ಲಿಖಿತವಾಗಿ ಕೊಡಿ ಅಂತ ಅರ್ಜಿ ಹಾಕಿದ್ದೇನೆ. ನಾಡಿದ್ದು ಬಾ ಅಂದಿದ್ದಾರೆ.